ವೀಸಾ ನಿಯಮ ಬದಲಾದರೆ ಸಿಸ್ಟರ್ ಊರಿಗೆ ಬರುತ್ತಾರಾ?

ಮಂಗಳೂರಿನ ಕಂಕನಾಡಿ, ದೇರಳಕಟ್ಟೆ ಕಡೆ ಹೋದರೆ ಒಂದಾದ ಮೇಲೊಂದು ನರ್ಸಿಂಗ್ ಕಾಲೇಜು. ಓದು ಮುಗಿಸಿದ ಎಷ್ಟೋ ಜನರ ಕಣ್ಣು ಕುವೈತ್, ಸೌದಿ, ಬ್ರಿಟನ್ ಮೇಲೆ. ಅಲ್ಲಿನ ಸರ್ಕಾರ ಮನಸ್ಸು ಬದಲಿಸಿದರೆ ಇವರು ವಾಪಸ್ ಬರುತ್ತಾರಾ?

1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೇನೆ ಕುವೈತಿಗೆ ನುಗ್ಗಿತು. ಜೋರ್ಡಾನಿನ ಅಮ್ಮಾನ್ ತಲುಪಿದ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ಕರೆತಂದಿತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಮರುವರ್ಷ ಕುವೈತ್ ಬಿಡುಗಡೆಯಾದದ್ದೇ ತಡ, ಉಟ್ಟ ಬಟ್ಟೆಯಲ್ಲಿ ಬಂದಿದ್ದವರೂ ಮತ್ತೆ ಅದೇ ದಾರಿ ಹಿಡಿದರು.

ಯುದ್ಧಕ್ಕಿಂತ ಹೆಚ್ಚು ಕಾಡುವುದು ಸದ್ದಿಲ್ಲದೆ ಬರುವ ಆದೇಶಗಳು. ಬ್ರಿಟನ್ನನ್ನೇ ನೋಡಿ. 2016ರ ಬ್ರೆಕ್ಸಿಟ್ ಮತದಾನದ ನಂತರ ಯುರೋಪಿನ ನರ್ಸ್‌ಗಳು ಬರುವುದು ಕಡಿಮೆಯಾಗಿ, ಭಾರತದವರಿಗೆ ಬಾಗಿಲು ತೆರೆಯಿತು. ವಲಸೆ ಬೇಡ ಎಂದು ಹಾಕಿದ ವೋಟು ನಮ್ಮವರಿಗೆ ಕೆಲಸ ಕೊಟ್ಟದ್ದು ತಮಾಷೆಯೇ! ಆಮೇಲೆ ಗಾಳಿ ತಿರುಗಿತು. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು, ಅಂದರೆ ನರ್ಸ್ ಅಲ್ಲದ ಆರೈಕೆ ಸಿಬ್ಬಂದಿ, ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ ಎಂದಾಯಿತು. 2025ರ ಜುಲೈನಲ್ಲಿ ವಿದೇಶದಿಂದ ಅವರ ನೇಮಕಾತಿಯೇ ನಿಂತಿತು. ನೋಂದಾಯಿತ ನರ್ಸ್‌ಗೆ ಕುಟುಂಬದ ವೀಸಾ ಉಳಿದಿದೆ. ಇಂಗ್ಲಿಷ್ ಪರೀಕ್ಷೆಯ ಅಂಕ ಸಾಲದೆ ಕೇರ್ ವರ್ಕರ್ ಆಗಿ ಹೋಗಬೇಕೆಂದಿದ್ದವರಿಗೆ ಮಾತ್ರ ಆ ದಾರಿಯೂ ಇಲ್ಲ.

ಅಷ್ಟಾದರೂ ಅಲ್ಲಿರುವವರು ತಕ್ಷಣ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವುದಿಲ್ಲ. ಮೊದಲು ಐರ್ಲೆಂಡ್, ಆಸ್ಟ್ರೇಲಿಯಾ ವಿಚಾರಿಸುತ್ತಾರೆ. ಮಕ್ಕಳ ಶಾಲೆ, ಊರಿನಲ್ಲಿ ಒಬ್ಬರೇ ಇರುವ ಅಮ್ಮ, ಬ್ಯಾಂಕ್ ಸಾಲದ ಕಂತು ಲೆಕ್ಕಕ್ಕೆ ಬರುತ್ತವೆ.

ದಿಲ್ಲಿಯ ರಾಜಕೀಯವೂ ಇದೆ. ಕುವೈತ್ ನೇಮಕಾತಿಯ ಲಂಚದ ಹಗರಣದ ಬೆನ್ನಲ್ಲೇ, 2015ರಲ್ಲಿ ಕೇಂದ್ರ ಸರ್ಕಾರ ಗಲ್ಫ್ ಸೇರಿ 18 ದೇಶಗಳಿಗೆ ನರ್ಸ್‌ಗಳ ನೇಮಕಾತಿಯನ್ನು ಸರ್ಕಾರಿ ಏಜೆನ್ಸಿಗಳ ಕೈಗೆ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಒಮ್ಮೆ ವೀಸಾ ಕ್ಯಾನ್ಸಲ್ ಮಾಡಿಸಿ ಬಂದವರು ಮತ್ತೆ ಹೋಗಲು ಆ ಸಾಲಿನಲ್ಲೇ ನಿಲ್ಲಬೇಕು. ಹಾಗಾಗಿ ಬರುವ ಮೊದಲು ಹತ್ತು ಸಲ ಯೋಚಿಸುತ್ತಾರೆ.

ಇನ್ನು ಸಂಬಳ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನ ಪರಿಶೀಲಿಸಲು 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ರಚಿಸಲು ಹೇಳಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 50 ಹಾಸಿಗೆಯೂ ಇಲ್ಲದಲ್ಲಿ ಕನಿಷ್ಠ 20,000 ರೂಪಾಯಿ ಎಂದು ಸಮಿತಿ ಶಿಫಾರಸು ಮಾಡಿತು. ಜಾರಿ ರಾಜ್ಯಗಳ ಪಾಲಿಗೆ ಬಿತ್ತು. ಮಂಗಳೂರಿನಲ್ಲಿ 200 ಹಾಸಿಗೆ ಮೀರಿದ ಆಸ್ಪತ್ರೆಗಳು ಒಂದೆರಡಲ್ಲ. ವಾಪಸ್ ಬರಬೇಕೋ ಎಂದು ಯೋಚಿಸುವ ಸಿಸ್ಟರ್ ಇಲ್ಲಿನ ಗೆಳತಿಗೆ ಫೋನ್ ಮಾಡಿ ವಿಚಾರಿಸುವುದೂ ಅದನ್ನೇ: ಅನುಭವಕ್ಕೆ ಅವರು ಎಷ್ಟು ಕೊಡುತ್ತಾರೆ?