ಕುರಿಗೆ ಕತ್ತರಿ, ಕುರಿ ಕಾಯೋ ನಾಯಿಗೆ ಬಾಚಣಿಕೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೆ, ಊಟ ಮುಗಿಸಿ ಟೆರೇಸ್ ಮೇಲೆ ಓಡಾಡ್ತಿರೋರಿಗೆ, ಪಕ್ಕದಲ್ಲೇ ನಾಯಿ ಮಲಗಿಸ್ಕೊಂಡು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಮಾತು ಆ ನಾಯಿ ಮೈಮೇಲಿನ ಕೂದಲಿನ ಬಗ್ಗೆ.

ನಮ್ಮ ಮನೆ ದಾವಣಗೆರೆಯಲ್ಲಿ. ಮನೆಯಲ್ಲಿ ಶೇರು ಅಂತ ಒಂದು ನಾಯಿ ಇದೆ. ಉದ್ದ ಕೂದಲಿನ ಜರ್ಮನ್ ಶೆಫರ್ಡ್. ಕಿವಿ ಹಿಂದೆ ಜೂಲು, ತೊಡೆ ಹಿಂದೆ ಪ್ಯಾಂಟ್ ಹಾಕಿದ ಹಾಗೆ ಕೂದಲು, ಬಾಲ ಅಂದ್ರೆ ದೊಡ್ಡ ಪೊರಕೆ. ಎರಡು ಬೇಸಿಗೆ ಹಿಂದೆ, ಏಪ್ರಿಲ್ ತಿಂಗಳು, ಬಿಸಿಲು 38 ಡಿಗ್ರಿ ಆಸುಪಾಸು. ಶೇರು ಬಚ್ಚಲ ಮನೆಯಲ್ಲಿ ನಾಲಿಗೆ ಚಾಚಿ ಬಿದ್ಕೊಂಡಿದ್ದ. ಅವ್ವ ನೋಡಿದ್ಲು. "ಪಾಪ, ಬಿಸಿಲಾಗ ಹೆಂಗ ತೇಕತೈತಿ ನೋಡು. ಕುರಿಗೆ ವರ್ಷಕ್ಕೆ ಎರಡು ಸಲ ಉಣ್ಣಿ ಕತ್ತರಸ್ತಾರ, ಇದಕ್ಯಾಕ ಕತ್ತರಸಬಾರ್ದು?" ಅಂದ್ಲು.

ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ? ನನಗೂ ಸರಿ ಅನ್ನಿಸ್ತು. ಮಷಿನ್ ಹಾಕಿಸಿಬಿಟ್ಟೆ. ಮುಕ್ಕಾಲು ಗಂಟೆಯಲ್ಲಿ ಶೇರು ಅರ್ಧ ಆಗಿದ್ದ. ಮನೆಗೆ ಬಂದವನು ಮಂಚದ ಕೆಳಗೆ ಹೋಗಿ ಕೂತ. ಎರಡು ದಿನ ಸರಿಯಾಗಿ ಹೊರಗೆ ಬರ್ಲಿಲ್ಲ.

ಕೂದಲು ವಾಪಸ್ ಬಂತು. ಆದ್ರೆ ಬಂದಿದ್ದು ಹತ್ತಿ ಥರ ಮೆತ್ತನೆಯ ಕೂದಲು. ಮುಟ್ಟಿದ್ರೆ ಸಿಕ್ಕು, ಮಳೆ ನೀರು ಬಿದ್ರೆ ಹೀರ್ಕೊಂಡು ಅಲ್ಲೇ ಇಟ್ಕೊಳ್ಳೋದು. ಸೊಂಟದ ಮೇಲೆ ಅಂಗೈಯಗಲ ಜಾಗದಲ್ಲಿ ಒಂದು ವರ್ಷ ದಾಟಿದ್ರೂ ಉದ್ದ ಕೂದಲು ಬರ್ಲಿಲ್ಲ. ಆ ಮಳೆಗಾಲದಲ್ಲಿ ಒಂದಿನ ಶೇರು ಹತ್ತಿರ ಬಂದಾಗ ಕೆಟ್ಟ ವಾಸನೆ. ಎಡಗಿವಿ ಹಿಂದೆ ಕೂದಲು ಗಂಟಾಗಿ ಚಪ್ಪೆಯಾಗಿತ್ತು. ಅದರ ಕೆಳಗೆ ರೂಪಾಯಿ ನಾಣ್ಯದಷ್ಟು ಹಸಿ ಗಾಯ, ಕೀವು. ದಿನಾ ತಲೆ ಸವರ್ತಿದ್ದ ಕೈ ನಂದು. ಮೇಲೆ ಮೇಲೆ ಸವರ್ತಿದ್ದೆ, ಒಳಗೇನಿದೆ ಅಂತ ಒಂದಿನಾನೂ ನೋಡಿರ್ಲಿಲ್ಲ.

ಪಶುವೈದ್ಯರು ಗಾಯ ತೊಳೆದು, ಔಷಧಿ ಬರೆದು, ಒಂದೇ ಮಾತು ಹೇಳಿದ್ರು: "ಕುರಿಗೆ ಕತ್ತರಿ ಬೇಕು. ಇವನಿಗೆ ಬಾಚಣಿಕೆ ಬೇಕು." ಇವತ್ತಿನ ಸಂಚಿಕೆ ಪೂರ್ತಿ ಆ ಒಂದು ಮಾತಿನ ವಿವರಣೆ ಅಂದ್ಕೊಳ್ಳಿ.

ಮೊದಲು ಅವ್ವನ ಪ್ರಶ್ನೆಗೆ ಉತ್ತರ. ಸಾಕಿದ ಕುರಿಯ ಉಣ್ಣೆ ಬೆಳೀತಾನೇ ಇರುತ್ತೆ. ಮನುಷ್ಯ ಉಣ್ಣೆಗೋಸ್ಕರ ತಲೆಮಾರುಗಟ್ಟಲೆ ಆರಿಸಿ ಸಾಕಿದ್ದರಿಂದ ಹಾಗಾಗಿದ್ದು. ಕತ್ತರಿಸದಿದ್ರೆ ಕುರಿಗೇ ಕಷ್ಟ. ಈ ನಾಯಿಯ ಕೂದಲು ಹಾಗಲ್ಲ. ಒಂದು ಅಳತೆಗೆ ಬೆಳೆದು, ನಿಂತು, ತಾನಾಗೇ ಉದುರುತ್ತೆ. ಅದರಲ್ಲಿ ಎರಡು ಪದರ. ಮೇಲಿನದು ಉದ್ದ, ಒರಟು. ನೀರು, ಧೂಳು, ಬಿಸಿಲು ತಡೆಯೋದು ಅದು. ಕೆಳಗಿನದು ಒತ್ತಾದ ಮೆತ್ತನೆ ಉಣ್ಣೆ, ಅದು ಚಳಿಗೆ. ಜರ್ಮನಿಯಲ್ಲಿ ಕುರಿ ಕಾಯ್ತಿದ್ದ ನಾಯಿಗಳನ್ನೇ ಆರಿಸಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅನ್ನೋರು 1899ರಲ್ಲಿ ಈ ತಳಿಗೆ ಒಂದು ರೂಪ ಕೊಟ್ಟರು. ಅಲ್ಲಿನ ಚಳಿ ಮಳೆಯಲ್ಲಿ ಇಡೀ ದಿನ ಹೊರಗೇ ಇರಬೇಕಾದ ನಾಯಿಗೆ ಎರಡು ಪದರದ ಅಂಗಿ ಬೇಕೇ ಬೇಕಿತ್ತು. ಸ್ಕಾಟ್ಲೆಂಡಿನ ಕೋಲಿ, ಶೆಲ್ಟಿ, ಬಾರ್ಡರ್ ಕೋಲಿಗಳದ್ದೂ ಇದೇ ಕಥೆ. ನಮ್ಮ ಮುಧೋಳ ನಾಯಿಯನ್ನ ನೋಡಿ. ಮೈಗೆ ಅಂಟಿದಂತೆ ತೆಳು ಕೂದಲು. ಅದು ಹುಟ್ಟಿದ ಊರಿನ ಬಿಸಿಲೇ ಬೇರೆ.

ಮಷಿನ್ ಹಾಕಿದಾಗ ಎರಡೂ ಪದರ ಒಟ್ಟಿಗೆ ಹೋಗುತ್ತೆ. ಉಣ್ಣೆ ಬೇಗ ವಾಪಸ್ ಬರುತ್ತೆ, ಮೇಲಿನ ಉದ್ದ ಕೂದಲು ನಿಧಾನ. ಕೆಲವು ನಾಯಿಗಳಿಗೆ ತಿಂಗಳುಗಟ್ಟಲೆ ಬರೋದೇ ಇಲ್ಲ. ನಮ್ಮ ಶೇರು ಸೊಂಟಕ್ಕೆ ಆಗಿದ್ದೂ ಅದೇ. ಇನ್ನೊಂದು ವಿಷಯ, ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ಮುಖ್ಯವಾಗಿ ತೇಕಿ ತೇಕಿ ಮೈ ತಣ್ಣಗೆ ಮಾಡ್ಕೊಳ್ಳುತ್ತೆ. ಆದ್ರಿಂದ ಬೋಳಿಸಿದ ಕೂಡಲೇ ತಂಪಾಗುತ್ತೆ ಅನ್ನೋ ನಮ್ಮ ಲೆಕ್ಕ ಅದಕ್ಕೆ ಹೊಂದಲ್ಲ; ಬಿಸಿಲು ನೇರ ಚರ್ಮಕ್ಕೆ ಹೊಡೆಯುತ್ತೆ, ಅಷ್ಟೇ. ಚಳ್ಳಕೆರೆ ಕಡೆ ಹೋದ್ರೆ ನೋಡಿ, ಕುರಿಗಾಹಿಗಳು ಸುಡು ಬಿಸಿಲಲ್ಲೂ ಕಂಬಳಿ ಬಿಟ್ಟಿರಲ್ಲ. ಹಾಗಂತ ಕೂದಲಿದ್ರೆ ಸೆಕೆನೇ ಆಗಲ್ಲ ಅಂತ ಅಂದ್ಕೋಬೇಡಿ. ಬೇಸಿಗೆಯಲ್ಲಿ ವಾಕಿಂಗ್ ಬೆಳಗ್ಗೆ ಬೇಗ, ಇಲ್ಲಾಂದ್ರೆ ಕತ್ತಲಾದ್ಮೇಲೆ. ನೆರಳು, ನೀರು, ಫ್ಯಾನ್ ಇರಲಿ. ಅದರ ಜೊತೆಗೆ, ಉದುರಿ ಒಳಗೇ ಸಿಕ್ಕಿಕೊಂಡಿರೋ ಉಣ್ಣೆಯನ್ನ ಬಾಚಿ ತೆಗೆಯಬೇಕು. ಆಗ ಗಾಳಿ ಚರ್ಮದವರೆಗೆ ಹೋಗುತ್ತೆ. ಅವ್ವ ಬಯಸಿದ ತಂಪು ಸಿಗೋದು ಅಲ್ಲಿಂದ.

ಸರಿ, ಬಾಚೋದು ಹೇಗೆ? ನಾಲ್ಕು ಸಾಮಾನು ಸಾಕು. ಗುಂಡುಸೂಜಿ ಥರ ಹಲ್ಲಿರೋ ಪಿನ್ ಬ್ರಷ್, ಬಗ್ಗಿದ ಸಣ್ಣ ತಂತಿಗಳ ಸ್ಲಿಕರ್ ಬ್ರಷ್, ಒಳಗಿನ ಉಣ್ಣೆ ಎಳೆಯೋ ರೇಕ್, ಒಂದು ಸ್ಟೀಲ್ ಬಾಚಣಿಕೆ. ಸ್ಲಿಕರನ್ನ ಮೊದಲು ನಿಮ್ಮ ಮುಂಗೈ ಮೇಲೆ ಎಳೆದು ನೋಡಿ. ನಿಮಗೆ ಗೀರಿದ್ರೆ ನಾಯಿಗೂ ಗೀರುತ್ತೆ. ಬ್ಲೇಡ್ ಇರೋ ಸಾಮಾನು ಬೇಡ. ಅದು ಮೇಲಿನ ಒಳ್ಳೆ ಕೂದಲನ್ನೂ ಕತ್ತರಿಸುತ್ತೆ.

ನಾಯಿಯನ್ನ ಒಂದು ಪಕ್ಕಕ್ಕೆ ಮಲಗಿಸಿ. ಚಿಕ್ಕಂದಿನಲ್ಲಿ ಅವ್ವ ನಮಗೆ ತಲೆ ಬಾಚುವಾಗ ಬೈತಲೆ ತೆಗೀತಿದ್ಲಲ್ಲ, ಹಾಗೇ ಇಲ್ಲೂ ತೆಗೀಬೇಕು. ಕಾಲಿನ ಕೆಳಗಡೆಯಿಂದ ಶುರು ಮಾಡಿ. ಎಡಗೈಯಲ್ಲಿ ಕೂದಲನ್ನ ಮೇಲೆತ್ತಿ ಹಿಡೀರಿ, ಚರ್ಮದ ಗೆರೆ ಕಾಣಬೇಕು. ಆ ಗೆರೆಯಿಂದ ಸ್ವಲ್ಪ ಸ್ವಲ್ಪವೇ ಕೂದಲು ಕೆಳಗೆ ಬಿಟ್ಟು ಬಾಚಿ. ಆ ಸಾಲು ಆಯ್ತಾ, ಅರ್ಧ ಇಂಚು ಮೇಲೆ ಇನ್ನೊಂದು ಬೈತಲೆ. ಹೀಗೇ ಬೆನ್ನಿನವರೆಗೆ ಹೋಗಿ. ಒಣ ಕೂದಲು ತುಂಡಾಗುತ್ತೆ, ಅದಕ್ಕೆ ಮೊದಲು ನೀರು ಸ್ವಲ್ಪ ಚಿಮುಕಿಸಿಕೊಳ್ಳಿ. ಉಣ್ಣೆ ಉದುರೋ ಕಾಲದಲ್ಲಿ ಇದೇ ರೀತಿ ರೇಕ್ ಬಳಸಿ, ಕೂದಲು ಬೆಳೆದ ದಿಕ್ಕಿಗೆ, ಕೈ ಹಗುರ ಇಟ್ಕೊಂಡು.

ಕೊನೆಗೆ ಪರೀಕ್ಷೆ. ಸ್ಟೀಲ್ ಬಾಚಣಿಕೆಯನ್ನ ಚರ್ಮದಿಂದ ತುದಿವರೆಗೆ ಎಳೀರಿ. ಎಲ್ಲೂ ತಡೆಯದೆ ಬಂದ್ರೆ ಪಾಸ್. ತಡೆದ್ರೆ ಅಲ್ಲಿ ಗಂಟಿದೆ. ನಾನು ಮೊದಲು ಮಾಡ್ತಿದ್ದ ತಪ್ಪು ಇದೇ. ಮೇಲ್ಮೇಲೆ ಬ್ರಷ್ ಆಡಿಸಿ, ಮಿಂಚೋದನ್ನ ನೋಡಿ, ಫೋಟೊ ತೆಗೆದು ಸ್ಟೇಟಸ್ ಹಾಕೋದು. ಒಳಗೆ ಗಂಟು ಹಾಗೇ ಬೆಳೀತಿತ್ತು.

ಗಂಟು ಕಟ್ಟೋ ಜಾಗ ಐದು ನೆನಪಿಟ್ಕೊಳ್ಳಿ: ಕಿವಿ ಹಿಂದೆ, ಕಂಕುಳು, ಬೆಲ್ಟ್ ಕೆಳಗೆ, ತೊಡೆ ಹಿಂದೆ, ಬಾಲದ ಬುಡ. ಗಂಟು ಸಿಕ್ಕಿದ್ರೆ ಕತ್ತರಿ ತರಬೇಡಿ. ಗಂಟು ಚರ್ಮವನ್ನ ಒಳಗೆ ಎಳ್ಕೊಂಡಿರುತ್ತೆ, ಕೂದಲು ಅಂದ್ಕೊಂಡು ಚರ್ಮ ಕತ್ತರಿಸಿಬಿಡ್ತೀವಿ. ಅಡುಗೆ ಮನೆಯ ಕಾರ್ನ್‌ಫ್ಲೋರ್ ಒಂದು ಚಿಟಿಕೆ ಉದುರಿಸಿ, ಬುಡವನ್ನ ಬೆರಳಲ್ಲಿ ಗಟ್ಟಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪ ಬಿಡಿಸಿ. ಬುಡ ಹಿಡಿದ್ರೆ ನಾಯಿಗೆ ಎಳೆತ ಗೊತ್ತಾಗಲ್ಲ. ಚರ್ಮಕ್ಕೇ ಅಂಟಿದ ಚಪ್ಪೆ ಗಂಟಾದ್ರೆ ವೈದ್ಯರ ಹತ್ತಿರ ಹೋಗಿ, ಆ ಜಾಗ ಮಾತ್ರ ತೆಗೆಸಿ. ಗಾಯಕ್ಕೆ, ಆಪರೇಷನ್‌ಗೆ ಬೋಳಿಸಬೇಕಾದ್ರೆ ಬೋಳಿಸಲೇಬೇಕು, ಅದರಲ್ಲಿ ಅನುಮಾನ ಬೇಡ. ಮನೆಯಲ್ಲಿ ಕತ್ತರಿ ಕೆಲಸ ಇರೋದು ಪಾದದ ಗಿಣ್ಣುಗಳ ನಡುವೆ ಬೆಳೆಯೋ ಕೂದಲಿಗೆ ಮಾತ್ರ. ಅದೂ ಮೊಂಡು ತುದಿಯ ಕತ್ತರಿ.

ಇನ್ನು ಸ್ನಾನ. ಬಾಚಿ ಆಮೇಲೆ ಸ್ನಾನ, ಉಲ್ಟಾ ಮಾಡಬೇಡಿ. ನೀರು ಬಿದ್ದ ಗಂಟು ಇನ್ನೂ ಬಿಗಿಯಾಗುತ್ತೆ. ವಾರ ವಾರ ಸ್ನಾನ ಬೇಡ, ಮೈ ಚೆನ್ನಾಗಿದ್ರೆ ಆರರಿಂದ ಎಂಟು ವಾರಕ್ಕೊಮ್ಮೆ ಸಾಕು. ನಮ್ಮ ಶಾಂಪೂ ಅದರ ಚರ್ಮಕ್ಕೆ ಸರಿಹೋಗಲ್ಲ, ನಾಯಿಗಂತಲೇ ಇರೋದು ತನ್ನಿ. ಮಗ್ಗಿನಲ್ಲಿ ನೀರಿಗೆ ಬೆರೆಸಿ ಹಾಕಿದ್ರೆ ಒಳಗಿನ ಉಣ್ಣೆವರೆಗೂ ಇಳಿಯುತ್ತೆ. ತೊಳೆದ ನೀರು ತಿಳಿಯಾಗೋವರೆಗೂ ತೊಳೀರಿ. ನಿಜವಾದ ಕೆಲಸ ಆಮೇಲೆ, ಒಣಗಿಸೋದು. ಮೇಲೆ ಮುಟ್ಟಿದ್ರೆ ಒಣಗಿದೆ ಅನ್ಸುತ್ತೆ, ಬೈತಲೆ ತೆಗೆದು ನೋಡಿದ್ರೆ ಬುಡ ಇನ್ನೂ ಹಸಿ. ಆ ಹಸಿಯಲ್ಲೇ ಚರ್ಮ ಕೆಂಪಾಗಿ, ನಾಯಿ ಕೆರೆದು ನೆಕ್ಕಿ, ರಾತ್ರಿ ಬೆಳಗಾಗೋದ್ರೊಳಗೆ ಗಾಯ ಆಗಬಹುದು. ಟವಲ್‌ನಿಂದ ಉಜ್ಜದೆ ಒತ್ತಿ ನೀರು ತೆಗೀರಿ. ಡ್ರೈಯರ್ ಬಳಸೋದಾದ್ರೆ ತಣ್ಣನೆ ಗಾಳಿ, ಬಿಸಿ ಗಾಳಿ ಬೇಡವೇ ಬೇಡ. ಮಳೆಗಾಲದಲ್ಲಿ ಸ್ನಾನಕ್ಕೆ ಬಿಸಿಲು ಬಿದ್ದ ದಿನ, ಬೆಳಗಿನ ಹೊತ್ತು ಆರಿಸ್ಕೊಳ್ಳಿ.

ಬಾಚುವಾಗ ಕಣ್ಣು, ಮೂಗು, ಬೆರಳು ಮೂರೂ ಕೆಲಸ ಮಾಡ್ತಿರಲಿ. ಉಣ್ಣಿ ಇದ್ಯಾ? ಕಿವಿ ಒಳಗೆ, ಬೆರಳ ಸಂದಿಯಲ್ಲಿ ಜಾಸ್ತಿ ಕೂತಿರುತ್ತೆ. ಸಿಕ್ಕಿದ್ರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೀರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಹತ್ತಿರ ತರಬೇಡಿ. ಉಣ್ಣಿ ಜ್ವರ ನಾಯಿಯ ಪ್ರಾಣ ತೆಗೆಯುತ್ತೆ. ಊಟ ಬಿಟ್ರೆ, ಮಂಕಾದ್ರೆ, ಒಸಡು ಬಿಳಿಚಿಕೊಂಡ್ರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಕೋಲಿ, ಶೆಲ್ಟಿ ಸಾಕಿರೋರು ಇದೊಂದು ಮಾತನ್ನ ಗಮನ ಇಟ್ಟು ಕೇಳಿ. ಈ ತಳಿಗಳಲ್ಲಿ ಅನೇಕ ನಾಯಿಗಳಿಗೆ ಎಂಡಿಆರ್1 ಅನ್ನೋ ಜೀನ್‌ನಲ್ಲಿ ದೋಷ ಇರುತ್ತೆ. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನ ಗುರುತಿಸಿದರು. ಅಂಥ ನಾಯಿಗೆ ಐವರ್‌ಮೆಕ್ಟಿನ್ ಪ್ರಮಾಣ ಮೀರಿದ್ರೆ ಔಷಧಿ ಮಿದುಳಿಗೆ ನುಗ್ಗಿ ಜೀವಕ್ಕೇ ಅಪಾಯ. ಜರ್ಮನ್ ಶೆಫರ್ಡ್‌ಗಳಲ್ಲೂ ಕೆಲವಕ್ಕೆ ಇದು ಇದೆ. ಅದಕ್ಕೇ ಉಣ್ಣಿ ಕಂಡ ಕೂಡಲೇ ಯಾರೋ ಹೇಳಿದ್ರು ಅಂತ ಇಂಜೆಕ್ಷನ್ ಹಾಕಿಸಬೇಡಿ. ವೈದ್ಯರಿಗೆ ಮೊದಲು ತಳಿ ಯಾವುದು ಅಂತ ಹೇಳಿ.

ಇಷ್ಟೆಲ್ಲ ಕೇಳಿ ಭಯ ಆಯ್ತಾ? ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ. ಉಣ್ಣೆ ಉದುರೋ ವಾರಗಳಲ್ಲಿ ದಿನಾ. ಒಂದು ರೀಲ್ಸ್ ಶುರು ಮಾಡಿದ್ರೆ ಅಷ್ಟು ಹೊತ್ತು ಗೊತ್ತಾಗದೆ ಹೋಗುತ್ತಲ್ಲ! ಒಂದೇ ಸಲ ಇಡೀ ಮೈ ಬಾಚಬೇಕು ಅಂತಿಲ್ಲ. ಇವತ್ತು ಬಲಗಡೆ, ನಾಳಿದ್ದು ಎಡಗಡೆ, ಇನ್ನೊಂದಿನ ಬಾಲ, ಕಿವಿ. ಮರಿ ಇದ್ದಾಗಿಂದ್ಲೇ ಎರಡೆರಡು ನಿಮಿಷ ರೂಢಿ ಮಾಡಿ. ಗುರ್ ಅಂದ್ರೆ ಅಲ್ಲಿಗೆ ನಿಲ್ಲಿಸಿ. ನೋವಾಗಿರೋ ಜಾಗ ಇರಬಹುದು, ನೋಡಿ.

ಶೇರು ಸೊಂಟದ ಮೇಲೆ ಈಗ ಕೂದಲು ಬಂದಿದೆ. ಮುಂಚಿನಷ್ಟು ದಟ್ಟ ಇಲ್ಲ, ಗೊತ್ತಿದ್ದೋರಿಗೆ ಕಾಣುತ್ತೆ. ಕಳೆದ ತಿಂಗಳು ಒಂದಿನ ಅವ್ವನೇ ಕರೆದ್ಲು. "ಇಲ್ಲಿ ಬಾ, ಇವನ ಕಂಕುಳಾಗ ಕೈ ಇಡು, ಏನೋ ಐತಿ" ಅಂದ್ಲು. ಕಡಲೆಕಾಳಿನಷ್ಟು ಗಡ್ಡೆ. ವೈದ್ಯರಿಗೆ ತೋರಿಸಿದ್ವಿ. ಕೊಬ್ಬಿನ ಗಡ್ಡೆ, ಸದ್ಯಕ್ಕೆ ತೊಂದರೆಯಿಲ್ಲ, ಗಮನ ಇಟ್ಟಿರಿ ಅಂದ್ರು. ನಾಣ್ಯದಷ್ಟು ಗಾಯವೇ ನನಗೆ ಕಂಡಿರ್ಲಿಲ್ಲ. ಕಡಲೆಕಾಳಿನಷ್ಟು ಗಡ್ಡೆ ಅವ್ವನ ಬೆರಳಿಗೆ ಸಿಕ್ತು.

ಈಗ ಸಂಜೆ ನಾನು ಬಾಚಣಿಕೆ ಹುಡುಕಿದ್ರೆ ಸಿಗಲ್ಲ. ಜಗಲಿ ಮೇಲೆ ಅವ್ವ ಕಾಲು ಚಾಚಿ ಕೂತಿರ್ತಾಳೆ, ಅವಳ ಮುಂದೆ ಶೇರು ಬಿದ್ಕೊಂಡಿರ್ತಾನೆ, ಪಕ್ಕದಲ್ಲಿ ಉಣ್ಣೆಯ ಗುಡ್ಡೆ. "ಒಂದು ಕಂಬಳಿಗೆ ಆಗ್ತತಿ ನೋಡು" ಅಂತಾಳೆ.

ನಿಮ್ಮ ಮನೆಯ ನಾಯಿಗೆ ಇವತ್ತು ಒಂದೇ ಒಂದು ಬೈತಲೆ ತೆಗೆದು ನೋಡಿ. ಕಿವಿ ಹಿಂದಿಂದ ಶುರು ಮಾಡಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.