ಮತಗಟ್ಟೆಯಾದ ನಮ್ಮ ತರಗತಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

 

ಸಮಿತಿಯವರು ನನಗೆ 'ಬದಲಾವಣೆ' ಎಂಬ ವಿಷಯ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ಕೆಲಸದವನು, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಆದರೆ ಇವತ್ತು ಬೆಳಿಗ್ಗೆ ನಮ್ಮ ಹಳೆಯ ತರಗತಿಯ ಮುಂದೆ ನಿಂತಾಗ, ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆದಿರುವ ಮತಗಟ್ಟೆಯ ಸಂಖ್ಯೆ ಕಣ್ಣಿಗೆ ಬಿತ್ತು. ನಾವು ಗಣಿತ ಕಲಿತ ಕೋಣೆಯಲ್ಲೇ ಊರಿನವರು ಮತ ಹಾಕುತ್ತಾ ಬಂದಿದ್ದಾರೆ. ಬದಲಾವಣೆ ಹೇಗೆ ಆಗಬೇಕು ಎಂಬ ಪಾಠವೂ ಆ ಕೋಣೆಯಲ್ಲೇ ಇದೆ ಅನ್ನಿಸಿತು. ಅದನ್ನೇ ಹೇಳುತ್ತೇನೆ.

2004ರಲ್ಲಿ ನಾನು ಒಂಬತ್ತನೇ ತರಗತಿಯ ಪರೀಕ್ಷೆ ಬರೆದು ರಜೆಯಲ್ಲಿದ್ದೆ. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ಬಂತು. ಕಾಗದದ ಮತಪತ್ರದ ಬದಲು ಮತಯಂತ್ರ ಬಂದಿತ್ತು. ನಮ್ಮ ಅಜ್ಜಿಗೆ ಸಮಾಧಾನವಿರಲಿಲ್ಲ. "ಮುದ್ರೆ ಒತ್ತದೆ ಓಟು ಹಾಕಿದ ಹಾಗೆ ಹೇಗೋ ಆಗುತ್ತೆ?" ಎಂದು ನನ್ನನ್ನೇ ಕೇಳಿದಳು. ಮತ ಹಾಕಿ ಹೊರಗೆ ಬಂದವಳು, "ಪೀಂ ಅಂತ ಕೂಗಿತು ಕಣೋ, ಮುಟ್ಟಿತು ಅಂತ ಗೊತ್ತಾಯಿತು" ಎಂದು ನಕ್ಕಳು. ಅಕ್ಷರ ಬಾರದ ಅಜ್ಜಿ ಹೊಸ ಯಂತ್ರವನ್ನು ಒಂದೇ ದಿನದಲ್ಲಿ ಒಪ್ಪಿಕೊಂಡಳು ಎಂದು ಆಗ ಅಂದುಕೊಂಡಿದ್ದೆ. ಆ ಒಂದು ದಿನದ ಹಿಂದೆ ಇಪ್ಪತ್ತೆರಡು ವರ್ಷಗಳ ಕೆಲಸವಿತ್ತು ಎಂದು ತಿಳಿದದ್ದು ಬಹಳ ತಡವಾಗಿ.

ನಮ್ಮ ದೇಶದಲ್ಲಿ ಮತಯಂತ್ರವನ್ನು ಮೊದಲು ಬಳಸಿದ್ದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು. ಯಂತ್ರ ಬಳಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ 50 ಮತಗಟ್ಟೆಗಳಲ್ಲಿ ಮತ್ತೆ ಕಾಗದದ ಮೇಲೆ ಮತದಾನ ನಡೆದು, ಫಲಿತಾಂಶವೇ ಬದಲಾಯಿತು. ಚುನಾವಣಾ ಆಯೋಗ ಯಂತ್ರವನ್ನು ಮೂಲೆಗೆ ಎಸೆಯಲಿಲ್ಲ, ಹಠ ಹಿಡಿದು ಹೇರಲೂ ಇಲ್ಲ. ಮೊದಲು ಕಾನೂನಿಗೆ ತಿದ್ದುಪಡಿಯಾಯಿತು. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ 16 ವಿಧಾನಸಭಾ ಕ್ಷೇತ್ರಗಳಲ್ಲಿ ಬಳಸಿ ನೋಡಿದರು. 2004ರಲ್ಲಿ ಎಲ್ಲ 543 ಲೋಕಸಭಾ ಕ್ಷೇತ್ರಗಳಿಗೂ ಬಂತು. ಈ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್. ಆಮೇಲೂ ಜನರ ಅನುಮಾನ ಕೇಳಿ, ಯಾರಿಗೆ ಮತ ಬಿತ್ತು ಎಂದು ಚೀಟಿ ತೋರಿಸುವ ವಿವಿಪ್ಯಾಟ್ ಜೋಡಿಸಿದರು.

ನಾನು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದೆ. ಒಂದು ಸಗಟು ವ್ಯಾಪಾರದ ಸಂಸ್ಥೆಗೆ ಬಿಲ್ ಮಾಡುವ ಹೊಸ ಸಾಫ್ಟ್‌ವೇರ್ ಬರೆದೆವು. ತಂಡಕ್ಕೆ ನಾನೇ ಮುಖ್ಯಸ್ಥ. ಭಾನುವಾರ ರಾತ್ರಿ ಎಲ್ಲ ಶಾಖೆಗಳಲ್ಲೂ ಹಳೆಯದನ್ನು ತೆಗೆದು ಹೊಸದನ್ನು ಹಾಕಿದೆವು. ಸೋಮವಾರ ಹನ್ನೊಂದು ಗಂಟೆಗೆಲ್ಲ ಲಾರಿಗಳು ಸಾಲುಗಟ್ಟಿ ನಿಂತವು. ಬಿಲ್ ಬರೆಯುವವರು ಪುಸ್ತಕ ಮತ್ತು ಪೆನ್ನು ಹಿಡಿದರು. ನಾವು ಮ್ಯಾನೇಜರುಗಳನ್ನು ಕೇಳಿದ್ದೆವು, ದಿನವಿಡೀ ಬಿಲ್ ಮಾಡುವವರನ್ನು ಕೇಳಿರಲಿಲ್ಲ. ಮೂರನೇ ದಿನ ಹಳೆಯದಕ್ಕೇ ಮರಳಿದೆವು. ಆಮೇಲೆ ಒಂದೇ ಶಾಖೆಯಲ್ಲಿ ಒಂದು ತಿಂಗಳು ಹಳೆಯದು, ಹೊಸದು ಎರಡನ್ನೂ ನಡೆಸಿ, ಸಂಜೆ ಎರಡರ ಲೆಕ್ಕವನ್ನೂ ಅವರ ಎದುರಿಗೇ ತಾಳೆ ನೋಡಿದೆವು. ಆಗ ಅವರೇ, "ಸಾರ್, ಇನ್ನು ಹಳೆಯದು ಸಾಕು" ಎಂದರು.

ಮತದಾನದ ದಿನ ಬೆಳಿಗ್ಗೆಯೂ ಇದೇ ನಡೆಯುತ್ತದೆ. ಮತದಾನಕ್ಕೆ ಮುಂಚೆ ಏಜೆಂಟರ ಎದುರಿಗೆ ಕನಿಷ್ಠ 50 ಅಣಕು ಮತ ಹಾಕಿ, ಎಣಿಸಿ, ತಾಳೆ ನೋಡಿ, ಅಳಿಸಿ, ಯಂತ್ರಕ್ಕೆ ಮೊಹರು ಹಾಕುತ್ತಾರೆ. ಚುನಾವಣಾ ಕೆಲಸಕ್ಕೆ ದೂರದ ಊರುಗಳಿಗೆ ಹೋಗಿ ಬೆಂಚಿನ ಮೇಲೆ ಮಲಗಿ ಬಂದ ನಮ್ಮ ಮೇಷ್ಟ್ರುಗಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಗೆದ್ದವರು ನಂಬುವುದು ದೊಡ್ಡದಲ್ಲ, ಸೋಲುವವರೂ ನಂಬಬೇಕು ಎಂಬುದಕ್ಕೇ ಇಷ್ಟೆಲ್ಲ.

ಇನ್ನೊಂದು ಪಾಠ ನಮ್ಮ ರಾಜ್ಯದ್ದೇ. ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿಗೆ ಹೋದವು. 'ಇದು ದೆಹಲಿಯ ಚುನಾವಣೆ, ನಮಗೆ ಸಂಬಂಧವಿಲ್ಲ' ಎಂದು ಹೆಗಡೆಯವರು ಕುಳಿತಿರಬಹುದಿತ್ತು. ಅವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ಮೂರು ತಿಂಗಳಲ್ಲಿ ಜನ ಬದಲಾಗಿರಲಿಲ್ಲ, ಅವರ ಮುಂದಿದ್ದ ಪ್ರಶ್ನೆ ಬದಲಾಗಿತ್ತು. ವ್ಯಾಪಾರ ಮಾಡುವವರೂ, ಮನೆ ನಡೆಸುವವರೂ ಇದನ್ನು ಗಮನಿಸಬೇಕು. ಒಂದು ವಿಷಯಕ್ಕೆ ಬೇಡ ಎಂದವರು ಎಲ್ಲದಕ್ಕೂ ಬೇಡ ಎಂದಂತಲ್ಲ. ಒಮ್ಮೆ ಹೂಂ ಎಂದವರು ಕೊನೆಯವರೆಗೂ ಹೂಂ ಎನ್ನುತ್ತಾರೆ ಎಂದೂ ಅಲ್ಲ. ಆಗಾಗ ಹೋಗಿ ಕೇಳಬೇಕು.

ಯಾರನ್ನು ಕೇಳಬೇಕು? 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ ಮತದಾರರಿದ್ದರು. ಓದು ಬಾರದವರೇ ಹೆಚ್ಚು, ಅವರಿಗಾಗಿ ಚಿಹ್ನೆಗಳು ಬಂದವು. ಅಂಥ ದೊಡ್ಡ ಕೆಲಸದಲ್ಲೂ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ಹೆಸರುಗಳನ್ನು ಒಪ್ಪಲಿಲ್ಲ. ಮುಂದಿನ ಚುನಾವಣೆಯ ಹೊತ್ತಿಗೆ ಅವರನ್ನು ಸೇರಿಸುವ ಪ್ರಯತ್ನ ನಡೆಯಿತು. ಪಟ್ಟಿಯಲ್ಲಿ ಯಾರಿಲ್ಲ ಎಂದು ನೋಡುವುದು ಬದಲಾವಣೆ ತರುವವನ ಮೊದಲ ಕೆಲಸ.

ಈಗ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ಐದು ವರ್ಷದ ಹಿಂದೆ ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಸೇರಿ ಹತ್ತು ಕಂಪ್ಯೂಟರ್ ಕೊಟ್ಟೆವು. ಫೋಟೋ ತೆಗೆಸಿಕೊಂಡೆವು. ಇವತ್ತು ಬೆಳಿಗ್ಗೆ ನೋಡಿದೆ. ಬಟ್ಟೆ ಹೊದ್ದು ಮಲಗಿವೆ. ಯಾಕೆ ಎಂದು ಮೇಷ್ಟ್ರನ್ನು ಕೇಳಿದೆ. "ವೈರಿಂಗ್ ಹಳೆಯದಪ್ಪಾ, ನಾಲ್ಕು ಹಾಕಿದರೆ ಫ್ಯೂಸ್ ಹೋಗುತ್ತೆ. ಕೊಡೋ ಮುಂಚೆ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ನನಗೇ ನಾಚಿಕೆಯಾಯಿತು. ಆ ಸೋಮವಾರದ ಲಾರಿಗಳ ಸಾಲು ನೆನಪಾಯಿತು.

ಚುನಾವಣೆಯಿಂದ ಕಲಿಯಬಾರದ ಸಂಗತಿಗಳೂ ಇವೆ, ಅವು ನಿಮಗೇ ಗೊತ್ತು. ಕೇಳದೆ ಕೊಟ್ಟು ಹೋಗುವುದು ಅವುಗಳಲ್ಲಿ ಒಂದು, ನಾವು ಮಾಡಿದ್ದೂ ಅದನ್ನೇ.

ಈ ಸುವರ್ಣ ಮಹೋತ್ಸವದ ನೆಪದಲ್ಲಿ ಸ್ಮಾರ್ಟ್ ಕ್ಲಾಸ್ ಬೇಕು, ಇಂಗ್ಲಿಷ್ ಮಾಧ್ಯಮ ಬೇಕು, ಹೊಸ ಕಟ್ಟಡ ಬೇಕು ಎಂಬ ಮಾತುಗಳು ಕೇಳುತ್ತಿವೆ. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ ಎಂಬ ಆತಂಕ ನಮಗೆಲ್ಲ ಇದೆ. ನನ್ನ ವಿನಂತಿ ಇಷ್ಟೇ. ಮೊದಲು ಶಿಕ್ಷಕರನ್ನು ಕೇಳೋಣ. ಮಕ್ಕಳನ್ನು ಬೇರೆ ಶಾಲೆಗೆ ಕಳಿಸಿರುವ ತಂದೆತಾಯಿಯರನ್ನೂ ಕೇಳೋಣ, ಯಾಕೆಂದರೆ ಅವರ ಹೆಸರು ನಮ್ಮ ಪಟ್ಟಿಯಲ್ಲಿ ಇಲ್ಲ. ಮತದ ಹಕ್ಕಿಲ್ಲದ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಕೇಳೋಣ. ಆಮೇಲೆ ಒಂದೇ ತರಗತಿಯಲ್ಲಿ ಒಂದು ವರ್ಷ ಮಾಡಿ ನೋಡೋಣ. ವರ್ಷದ ಕೊನೆಗೆ ಎಸ್‌ಡಿಎಂಸಿ ಸಭೆಯಲ್ಲಿ ಎಲ್ಲರ ಎದುರಿಗೆ ಲೆಕ್ಕ ಇಡೋಣ. ಬೇಡ ಎಂದವರನ್ನು ಮುಂದಿನ ಸಭೆಗೂ ಕರೆಯೋಣ.

ವೈರಿಂಗ್ ಕೆಲಸ ಮುಂದಿನ ತಿಂಗಳೇ ಶುರುವಾಗುತ್ತದೆ. ಅದರ ಖರ್ಚು ನಮ್ಮ ತಂಡದ್ದು. ಈ ಸಲ ಮೇಷ್ಟ್ರನ್ನು ಕೇಳಿಯೇ ಹೇಳುತ್ತಿದ್ದೇನೆ.