ಬೆರಕೆ ಸೊಪ್ಪಿನ ಕಾಲುದಾರಿ



ಬಯಲುಸೀಮೆಯ ಊಟವೆಂದರೆ ಮಲೆನಾಡಿನವರಿಗೆ ರಾಗಿಮುದ್ದೆಯಷ್ಟೇ ನೆನಪಾಗುವುದುಂಟು. ಮುದ್ದೆಯ ಜೊತೆಗಿನ ಬಸ್ಸಾರು ಎಲ್ಲಿಂದ ಬರುತ್ತದೆಂಬುದು ಆ ಹೊಲಗಳಲ್ಲಿ ನಡೆದವರಿಗೇ ಗೊತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕಡೆ ನಾಲ್ಕು ಹದಮಳೆ ಬಿದ್ದರೆ ಬದುಗಳ ಮೇಲೆ, ರಾಗಿಯ ಸಾಲುಗಳ ನಡುವೆ ಅಣ್ಣೆ, ಗಣಿಕೆ, ಗೋಣಿ, ಹೊನಗೊನೆ ಸೊಪ್ಪುಗಳು ಬಿತ್ತದೆಯೇ ಏಳುತ್ತವೆ. ಕಳೆ ತೆಗೆಯಲು ಹೋದ ಹೆಂಗಸರು ಹಿಂದಿರುಗುವ ದಾರಿಯುದ್ದಕ್ಕೂ ಕಿತ್ತು ಮಡಿಲು ತುಂಬಿಕೊಳ್ಳುತ್ತಾರೆ. ಹಲವು ಬಗೆ ಕೂಡಿದ್ದರಿಂದಲೇ ಅದು ಬೆರಕೆ ಸೊಪ್ಪು. ಕಾಳಿನೊಡನೆ ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯ. ಯಾವುದರ ಕುಡಿ ಚಿವುಟಬೇಕು, ಯಾವುದು ಬಲಿತರೆ ಬಾಯಿಗೆ ಹತ್ತದು ಎಂಬ ತಿಳಿವಳಿಕೆ ಅಜ್ಜಿಯ ಬೆನ್ನ ಹಿಂದೆ ನಡೆದ ಮೊಮ್ಮಗಳಿಗೆ ದಕ್ಕುವಂಥದ್ದು. ಇದನ್ನು ಬಡವರ ಅಡುಗೆಯೆಂದು ಮೂಗು ಮುರಿದವರೂ ಇದ್ದಾರೆ. ಅವರು ಅದನ್ನು ಉಂಡವರಲ್ಲ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಸುತ್ತಲಿನ ಎಷ್ಟೋ ಹೊಲಗಳು ಬಡಾವಣೆಗಳಾದವು, ಬದುವಿದ್ದಲ್ಲಿ ತಂತಿಬೇಲಿ ಬಂತು. ಕಳೆನಾಶಕ ಸಿಂಪಡಿಸಿದ ಹೊಲದಲ್ಲಂತೂ ಅಣ್ಣೆಸೊಪ್ಪು ಏಳದು. ಭೂಮಿಯ ಬೆಲೆಯನ್ನು ಎಕರೆ, ಗುಂಟೆಗಳಲ್ಲಿ ಕಟ್ಟಲಾಗುತ್ತದೆ. ತುಂಡು ಜಮೀನೂ ಇಲ್ಲದ ಕೂಲಿಯ ಹೆಂಗಸಿಗೆ ನೆರೆಯವರ ಬದುವೇ ಕೈತೋಟವಾಗಿತ್ತೆಂಬುದನ್ನು ಬರೆಯಲು ಯಾವ ಪಹಣಿಯಲ್ಲೂ ಕಲಂ ಇಲ್ಲ.

ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು 2022ರಿಂದ ಧರಣಿ ಕುಳಿತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಸ್ವಇಚ್ಛೆಯಿಂದ ಕೊಡುವವರ ಜಮೀನು ಪಡೆಯುವುದಾಗಿಯೂ ಹೇಳಿತು. ಇನ್ನು ನೋಡಬೇಕಾದದ್ದು ಅಲ್ಲಿಯೇ. ನಡುವಿನ ಒಂದು ಹೊಲಕ್ಕೆ ಬೇಲಿ ಬಿದ್ದರೂ ಆಚೆಯ ಬದುವಿಗೆ ಹೋಗುವ ಕಾಲುದಾರಿ ಕಡಿಯುತ್ತದೆ.